ಮರೆವಿಗೆ ಖಿನ್ನತೆಯ ಮಾತ್ರೆ ಯಾಕೆ?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಅಮ್ಮನಿಗೆ ಮರೆವು ಅಂತ ತೋರಿಸಿದ್ರೆ ಡಾಕ್ಟ್ರು ಖಿನ್ನತೆಯ ಮಾತ್ರೆ ಬರೆದಿದ್ದಾರೆ. ಚೀಟಿ ಅದಲುಬದಲಾಯ್ತಾ?’

ಆಗಿರಲಿಕ್ಕಿಲ್ಲ. ಇಳಿವಯಸ್ಸಿನ ಖಿನ್ನತೆಯಲ್ಲಿ ಅಳುವೇ ಕಾಣದಿರಬಹುದು. ಮಾತು ಕಡಿಮೆಯಾಗುತ್ತದೆ, ಮರೆವು ಹೆಚ್ಚುತ್ತದೆ. ಮನೋವೈದ್ಯ ಲೆಸ್ಲಿ ಕೈಲೋ 1961ರಲ್ಲಿ ಇಂಥ ‘ಹುಸಿ ಡಿಮೆನ್ಷಿಯಾ’ದ ಬಗ್ಗೆ ಬರೆದರು. 1979ರಲ್ಲಿ ಚಾರ್ಲ್ಸ್ ವೆಲ್ಸ್ ಅಸಲಿ–ಹುಸಿಗಳನ್ನು ಬೇರ್ಪಡಿಸುವ ಲಕ್ಷಣಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಉತ್ತರ ಕೊಡುವ ರೀತಿಯ ವ್ಯತ್ಯಾಸ. ಇವತ್ತು ಯಾವ ವಾರ ಎಂದರೆ ಖಿನ್ನತೆಯವರು ‘ಗೊತ್ತಿಲ್ಲ ಬಿಡಿ’ ಎಂದು ಕೈಚೆಲ್ಲುತ್ತಾರೆ. ತಮ್ಮ ಮರೆವನ್ನು ತಾವೇ ಹೇಳಿಕೊಂಡು ಕೊರಗುತ್ತಾರೆ. ಡಿಮೆನ್ಷಿಯಾದವರು ಬುಧವಾರಕ್ಕೆ ಮಂಗಳವಾರ ಎಂದು ಹೇಳಿ ಸುಧಾರಿಸುತ್ತಾರೆ, ದೂರೆಲ್ಲ ಮನೆಯವರದು. ಇದು ಸುಳಿವು ಮಾತ್ರ, ತೀರ್ಪಲ್ಲ. ಎರಡೂ ಒಬ್ಬರಲ್ಲೇ ಇರುವುದುಂಟು. ಹುಸಿಯೆಂದು ಗುಣವಾದವರಲ್ಲಿ ಕೆಲವರಿಗೆ ಕೆಲ ವರ್ಷಗಳಲ್ಲೇ ಅಸಲಿಯೂ ಬರುತ್ತದೆ.

ಮರೆತವರನ್ನೇ ‘ಹೋದ ವಾರ ಬೇಸರವಿತ್ತಾ?’ ಎಂದು ಕೇಳಿ ಪ್ರಯೋಜನವೇನು? ಅದಕ್ಕೇ ಡಿಮೆನ್ಷಿಯಾದವರ ಖಿನ್ನತೆ ಅಳೆಯುವ 1988ರ ಕಾರ್ನೆಲ್ ಮಾಪಕದ 19 ಅಂಶಗಳಿಗೆ ರೋಗಿಯ ಜೊತೆ ಆರೈಕೆ ಮಾಡುವವರನ್ನೂ ವಿಚಾರಿಸುತ್ತಾರೆ. ಊಟ ಸೇರುತ್ತದಾ, ನಸುಕಿಗೇ ಎಚ್ಚರವಾಗುತ್ತದಾ, ಮೊಮ್ಮಕ್ಕಳು ಬಂದರೆ ಮುಖ ಅರಳುತ್ತದಾ ಎಂಬುದು ಸೊಸೆಗೆ ಗೊತ್ತಿರುವಷ್ಟು ಸ್ಕ್ಯಾನಿಗೆ ಗೊತ್ತಾಗದು.

ಬರೀ ಖಿನ್ನತೆಯಾದರೆ ಮಾತ್ರೆಯಿಂದ ಮರೆವೂ ಹಗುರಾಗಬಹುದು. ಡಿಮೆನ್ಷಿಯಾ ಜೊತೆಗಿದ್ದರೆ? 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಸುಬೆ ಬ್ಯಾನರ್ಜಿ ತಂಡದ ವರದಿ ಬಂತು. ಇಂಗ್ಲೆಂಡಿನಲ್ಲಿ ಅಂಥ 326 ಮಂದಿಯನ್ನು ಮೂರು ಗುಂಪು ಮಾಡಿ ಸರ್ಟ್ರಾಲಿನ್, ಮಿರ್ಟಾಜಪಿನ್, ಔಷಧವಿಲ್ಲದ ಹುಸಿಮಾತ್ರೆ ಕೊಟ್ಟಿದ್ದರು. ಹದಿಮೂರು ವಾರಕ್ಕೆ ಮೂರೂ ಗುಂಪುಗಳಲ್ಲಿ ಖಿನ್ನತೆ ಇಳಿದಿತ್ತು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ! ಅಡ್ಡಪರಿಣಾಮ ಮಾತ್ರ ಹುಸಿಮಾತ್ರೆಯವರಲ್ಲಿ ಶೇ 26, ಸರ್ಟ್ರಾಲಿನ್‌ನವರಲ್ಲಿ ಶೇ 43, ಮಿರ್ಟಾಜಪಿನ್‌ನವರಲ್ಲಿ ಶೇ 41. ಹುಸಿಮಾತ್ರೆಯವರಿಗೂ ಎಂದಿನ ಆರೈಕೆ, ವಿಚಾರಣೆ ಸಿಕ್ಕಿತ್ತು. ಬಹುಶಃ ಅದರದೂ ಪಾಲಿದೆ. ಡಿಮೆನ್ಷಿಯಾ ಎಂದೊಡನೆ ಖಿನ್ನತೆಯ ಮಾತ್ರೆಯನ್ನೂ ಸೇರಿಸುವ ರೂಢಿಯ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಇದನ್ನೋದಿಯೇ.

ಹಾಗೆಂದು ಅಮ್ಮನ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಆತ್ಮಹತ್ಯೆಯ ಅಪಾಯವಿದ್ದಂಥ ತೀವ್ರ ಖಿನ್ನತೆಯವರು ಆ ಪ್ರಯೋಗದಲ್ಲಿ ಇರಲಿಲ್ಲ. ಥೈರಾಯ್ಡ್, ಬಿ12 ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅವುಗಳ ಕೊರತೆಯೂ ಮಂಕು, ಮರೆವು ತರುತ್ತದೆ. ಮಾತ್ರೆಯ ಹೆಸರೂ ನೋಡಿ. ಅಮಿಟ್ರಿಪ್ಟಿಲಿನ್‌ನಂಥ ಹಳೆಯವು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೇ ಅಡ್ಡಬರುತ್ತವೆ.