ದೊಣೆಯ ನೀರು, ಕೋಟೆಯ ಕಲ್ಲು: ಮಧುಗಿರಿ ಸೀಮೆಯಲ್ಲೊಂದು ಸುತ್ತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಕಂದಾಯ ಇಲಾಖೆಯ ಕಡತದಲ್ಲಿ ಮಧುಗಿರಿ ಉಪವಿಭಾಗ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಬರಪೀಡಿತ ತಾಲ್ಲೂಕುಗಳ ಪಟ್ಟಿ ಹೊರಬಿದ್ದಾಗಲೂ ಈ ಹೆಸರುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಪ್ರವಾಸಕ್ಕೆ ಎಲ್ಲಿಗೆ ಹೋಗೋಣ ಎಂದು ಮನೆಯಲ್ಲಿ ಮಾತು ಬಂದಾಗ ಮಾತ್ರ ಇವು ಯಾರ ಬಾಯಲ್ಲೂ ಬರುವುದಿಲ್ಲ. ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿದೋ, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿಯೋ ಜನ ಸಂಜೆಯೊಳಗೆ ಊರಿಗೆ ಮರಳುತ್ತಾರೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಾಚೆ ಎದ್ದು ನಿಂತ ಬೆಟ್ಟಗಳು, ಅವುಗಳ ನೆತ್ತಿಯ ಕೋಟೆಗೋಡೆಗಳು ಹಿಂದೆ ಸರಿದುಹೋಗುತ್ತವೆ.

ಈ ಸೀಮೆಗೆ ಎರಡು ಮೂರು ದಿನವನ್ನಾದರೂ ಕೊಡಬೇಕು ಎಂಬುದು ನನ್ನ ಒತ್ತಾಯ. ಕಾರಣ ಇಷ್ಟೇ: ನೀರಿಲ್ಲದ ಸೀಮೆ ಎಂದು ಹೆಸರಾದ ಈ ನೆಲದಲ್ಲಿ ನೋಡಲೇಬೇಕಾದ ಜಾಗಗಳೆಲ್ಲ ಬಹುಮಟ್ಟಿಗೆ ನೀರನ್ನು ಹಿಡಿದಿಟ್ಟುಕೊಂಡ ಜಾಗಗಳೇ. ಕೋಟೆಯಿರಲಿ, ಗುಡಿಯಿರಲಿ, ಹಕ್ಕಿಗಳ ಊರಿರಲಿ, ಅಲ್ಲಿ ನೀರು ಎಲ್ಲಿಂದ ಬಂತು ಎಂದು ಕೇಳುತ್ತಾ ಹೋದರೆ ಇಡೀ ಸೀಮೆ ಒಂದೇ ಕತೆಯಾಗಿ ತೆರೆದುಕೊಳ್ಳುತ್ತದೆ.

ಕತೆ ಶುರುವಾಗುವುದು ಕಲ್ಲಿನಿಂದ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಭೂವಿಜ್ಞಾನಿಗಳು ಗುರುತಿಸುವ ಗ್ರಾನೈಟ್ ಪಟ್ಟಿಯೊಂದು ದಕ್ಷಿಣದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಾದುಹೋಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಅದು. ಸಾವನದುರ್ಗ, ಶಿವಗಂಗೆಗಳನ್ನು ಎತ್ತಿ ನಿಲ್ಲಿಸಿದ ಅದೇ ಪಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಪಾವಗಡದತ್ತ ಸಾಗುತ್ತದೆ. ಮೇಲಿನ ಮಣ್ಣು ಸವೆದು ಹೋದಂತೆ ಒಳಗಿನ ಗಟ್ಟಿಕಲ್ಲು ಬತ್ತಲಾಗಿ ನಿಂತಿತು. ಮಳೆ ಬಿದ್ದರೆ ನೀರು ಇಂಗದೆ ಜಾರಿ ಓಡುತ್ತದೆ. ಬೇಸಿಗೆಯಲ್ಲಿ ಬಂಡೆ ಕಾದ ಹೆಂಚಾಗುತ್ತದೆ. ಇಂಥ ಕಲ್ಲಿನ ಮೇಲೆ ಮನುಷ್ಯರು ಸೈನ್ಯ ಇಟ್ಟುಕೊಂಡು ವರ್ಷಗಟ್ಟಲೆ ಬಾಳಿದರು ಎಂದರೆ ಅದಕ್ಕೊಂದು ಉಪಾಯ ಬೇಕಿತ್ತು.

ಆ ಉಪಾಯವನ್ನು ಮಧುಗಿರಿ ಬೆಟ್ಟದ ಮೇಲೆ ಕಣ್ಣಾರೆ ನೋಡಬಹುದು. ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ಏಕಶಿಲಾ ಬೆಟ್ಟ ಏಷ್ಯಾದ ಬೃಹತ್ ಏಕಶಿಲೆಗಳ ಸಾಲಿನಲ್ಲಿ ಹೆಸರು ಪಡೆದಿದೆ. ಊರ ಬುಡದಿಂದ ಶುರುವಾಗುವ ದಾರಿ ಮೊದಮೊದಲು ಮೆಟ್ಟಿಲು, ಬಾಗಿಲು, ಬತೇರಿ ಎಂದು ಸರಾಗವಾಗಿ ಸಾಗುತ್ತದೆ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂಬ ಹೆಸರುಗಳನ್ನು ಊರವರು ಇಂದಿಗೂ ಹೇಳುತ್ತಾರೆ. ಅರ್ಧ ದಾರಿ ಕಳೆದ ಮೇಲೆ ಮೆಟ್ಟಿಲುಗಳು ಮುಗಿದು ಬರೀ ಬಂಡೆ ಉಳಿಯುತ್ತದೆ. ಪಾದ ಊರುವಷ್ಟು ಅಗಲಕ್ಕೆ ಉಳಿಯಿಂದ ಕಡಿದ ಕಚ್ಚುಗಳು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು. ತಲೆ ಎತ್ತಿದರೆ ಆಕಾಶ, ಬಗ್ಗಿದರೆ ಊರಿನ ಹೆಂಚಿನ ಮನೆಗಳು. ಇಲ್ಲಿ ಅವಸರ ಸಲ್ಲದು. ಮಳೆ ಬಿದ್ದ ದಿನವಂತೂ ಏರಲೇಬಾರದು.

ಹತ್ತುವ ದಾರಿಯಲ್ಲಿ ಸಿಗುವ ದೊಣೆಗಳ ಬಳಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ನವಿಲು ದೊಣೆ, ಭೀಮನ ದೊಣೆ ಎಂದು ಇವುಗಳಿಗೂ ಹೆಸರಿದೆ. ಇಳಿಜಾರಿನಲ್ಲಿ ಜಾರಿ ಬರುವ ಮಳೆನೀರು ಬಂಡೆಯ ಸಹಜ ತಗ್ಗಿಗೆ ಇಳಿಯುತ್ತದೆ. ಜಾರುವ ಬಾಯಿಗೆ ಅಡ್ಡಲಾಗಿ ಗಾರೆಯ ಒಡ್ಡು ಕಟ್ಟಿದರೆ ತಗ್ಗು ಕೊಳವಾಗುತ್ತದೆ. ಕೆಳಗೆ ಬಾವಿ ಬತ್ತಿದಾಗಲೂ ಮೇಲೆ ನೀರು ನಿಂತಿರುವುದನ್ನು ಕಂಡವರು ಅದು ದೇವರ ಮಹಿಮೆ ಎನ್ನುವುದುಂಟು. ನನಗೆ ಕಾಣುವುದು ಹೆಸರಿಲ್ಲದ ಒಡ್ಡರ ಕೈಚಳಕ. ಮಳೆಯ ಒಂದೊಂದು ಹನಿಯೂ ಯಾವ ಕಡೆಗೆ ಜಾರುತ್ತದೆ ಎಂದು ಬಂಡೆಯನ್ನು ಓದಿದವರು ಅವರು. ನೆತ್ತಿಯಲ್ಲಿ ಗೋಪಾಲಕೃಷ್ಣನ ಗುಡಿ ಹಾಳು ಬಿದ್ದಿದೆ, ಕಣಜಗಳ ಗೋಡೆಗಳು ನಿಂತಿವೆ. ದವಸಕ್ಕೆ ಕಣಜ, ನೀರಿಗೆ ದೊಣೆ. ಮುತ್ತಿಗೆ ಹಾಕಿದವನು ತಿಂಗಳುಗಟ್ಟಲೆ ಕೆಳಗೆ ಕಾಯಬೇಕಿತ್ತು.

ಕೋಟೆಯನ್ನು ಮೊದಲು ಕಟ್ಟಿದವರು ಇಲ್ಲಿನ ಪಾಳೆಯಗಾರರು. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದು ಮೈಸೂರಿನ ಕೈಸೇರಿತು. ಆಮೇಲೆ ಹೈದರಾಲಿ ಭದ್ರಪಡಿಸಿದ. ಇಲ್ಲಿನ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಬ್ಬ ಹೆಣ್ಣುಮಗಳ ಸಂಗತಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ತಂದು ಸೆರೆಯಿಟ್ಟದ್ದು ಈ ಬೆಟ್ಟದ ಮೇಲೆ. ಮಲೆನಾಡಿನ ಜಡಿಮಳೆಯಲ್ಲಿ ಬಾಳಿದ ರಾಣಿಗೆ ಈ ಬಂಡೆ, ಈ ಬಿಸಿಲು! 1767ರಲ್ಲಿ ಪೇಶ್ವೆ ಮಾಧವರಾಯರ ಸೈನ್ಯ ಕೋಟೆ ಹಿಡಿದು ಆಕೆಯನ್ನು ಬಿಡಿಸಿತು. ನೆತ್ತಿಯಲ್ಲಿ ನಿಂತು ಪಶ್ಚಿಮದ ಕಡೆ ನೋಡುವಾಗ ಆಕೆಯ ನೆನಪಾಗದೆ ಇರದು.

ಇಂಥದ್ದೇ ಇನ್ನೊಂದು ಕೋಟೆ ದೂರದಲ್ಲಿದೆ: ಬೆಟ್ಟಗುಡ್ಡಗಳ ಬಾಲ್ಕನ್ ನಾಡಾದ ಬಲ್ಗೇರಿಯಾದಲ್ಲಿ ಬೆಲೊಗ್ರಾಡ್‌ಚಿಕ್ ಎಂಬ ಊರಿದೆ. ಅಲ್ಲಿನ ಕೋಟೆಗೆ ಕೆಂಪು ಬಂಡೆಗಳೇ ಗೋಡೆ. ಬಂಡೆ ಕಾಯದ ಕಡೆ ಮಾತ್ರ ಮನುಷ್ಯರು ಗೋಡೆ ಎಬ್ಬಿಸಿದರು. ಜಗತ್ತಿನ ನಾನಾ ಕಡೆಯಿಂದ ಜನ ಅದನ್ನು ನೋಡಲು ಬರುತ್ತಾರೆ. ಮಧುಗಿರಿಯ ಶಿಲ್ಪಿಗಳು ಮಾಡಿದ್ದೂ ಅದನ್ನೇ, ಅದಕ್ಕಿಂತ ಕಡಿದಾದ ಕಲ್ಲಿನ ಮೇಲೆ. ಬೆಟ್ಟ ಇಳಿದ ಮೇಲೆ ಬುಡದಲ್ಲಿ ಅಕ್ಕಪಕ್ಕ ನಿಂತ ವೆಂಕಟರಮಣಸ್ವಾಮಿ, ಮಲ್ಲೇಶ್ವರ ಗುಡಿಗಳನ್ನೂ ಊರೊಳಗಿನ ಮಲ್ಲಿನಾಥ ಬಸದಿಯನ್ನೂ ನೋಡಬೇಕು. ಜಾತ್ರೆಯ ಕಾಲವಾದರೆ ದಂಡಿನ ಮಾರಮ್ಮನ ಗುಡಿಯ ಮುಂದೆ ಸುತ್ತಲ ಸೀಮೆಯೇ ನೆರೆದಿರುತ್ತದೆ.

ಕೊರಟಗೆರೆ ನಾಲ್ಕರಲ್ಲಿ ಕೊಂಚ ಹಸಿರು ತಾಲ್ಲೂಕು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಇದರ ಮೂಲಕ ಹರಿದು ಮಧುಗಿರಿ ಸೀಮೆ ದಾಟಿ, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅಡಿಕೆ, ತೆಂಗಿನ ತೋಟಗಳೆಲ್ಲ ಅದರ ಮತ್ತು ಸುವರ್ಣಮುಖಿಯ ಆಸುಪಾಸಿನಲ್ಲಿ. ಗೊರವನಹಳ್ಳಿಯ ಮಹಾಲಕ್ಷ್ಮಿ ಕ್ಷೇತ್ರ ಇಂದು ನಾಡಿಗೆಲ್ಲ ಗೊತ್ತು. ಕಮಲಮ್ಮ ಎಂಬ ಹೆಣ್ಣುಮಗಳು ದಶಕಗಳ ಕಾಲ ಪೂಜೆ ಮಾಡಿಕೊಂಡು ಬಂದು ಅದನ್ನು ಬೆಳೆಸಿದರು ಎಂಬುದು ಅಲ್ಲಿಗೆ ಹೋಗುವ ಎಲ್ಲರಿಗೂ ಗೊತ್ತಿರಬೇಕಾದ ಮಾತು. ದರ್ಶನ ಮುಗಿಸಿದವರು ಹತ್ತಿರದ ತೀತಾ ಜಲಾಶಯದ ಏರಿಯ ಮೇಲೂ ನಡೆದಾಡಿ ಬರಲಿ. ಸಿದ್ದರಬೆಟ್ಟಕ್ಕೆ ಬೇರೆಯದೇ ಗುಣ. ಗುಂಡುಗಳು ಒಂದರ ಮೇಲೊಂದು ಉರುಳಿ ನಿಂತ ಸಂದಿನಲ್ಲಿ ಗವಿ, ಗವಿಯೊಳಗೆ ಸಿದ್ದೇಶ್ವರ, ಅಲ್ಲೇ ಒರತೆಯ ತಣ್ಣೀರು. ಔಷಧಿ ಗಿಡಗಳಿಗೆ ಈ ಬೆಟ್ಟ ಹೆಸರುವಾಸಿ. ಹೋದವರು ಸೊಪ್ಪು ಕೀಳದೆ, ಪ್ಲಾಸ್ಟಿಕ್ ಬಿಸಾಡದೆ ಬಂದರೆ ಅದೇ ದೊಡ್ಡ ಸೇವೆ. ಚನ್ನರಾಯನದುರ್ಗ ಇದೇ ತಾಲ್ಲೂಕಿನದು. ಮಧುಗಿರಿಯ ಕಡಿದಾದ ಏರಿಗೆ ಅಂಜುವವರು ಈ ಕೋಟೆಯನ್ನು ಹತ್ತಬಹುದು. ಇಲ್ಲೂ ದೊಣೆಗಳಿವೆ, ಜನಸಂದಣಿ ಇಲ್ಲ.

ಶಿರಾಕ್ಕೆ ಬಂದರೆ ಬೆಟ್ಟಗಳು ದೂರ ಸರಿದು ಬಯಲು ಹರಡಿಕೊಳ್ಳುತ್ತದೆ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಈ ಊರನ್ನು ದಾಟಿದ ಲಕ್ಷಾಂತರ ಜನರಲ್ಲಿ ಇದು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು ಎಂದು ಬಲ್ಲವರು ಕಡಿಮೆ. ರತ್ನಗಿರಿಯ ನಾಯಕರು ಕಟ್ಟಲು ತೊಡಗಿದ ಊರನ್ನು ಬಿಜಾಪುರದ ರಣದುಲ್ಲಾ ಖಾನ್ ಗೆದ್ದ. 1687ರಲ್ಲಿ ಮೊಘಲರು ಬಂದು ಸುಬೆಯೊಂದಕ್ಕೆ ಇದನ್ನೇ ಕೇಂದ್ರ ಮಾಡಿಕೊಂಡರು. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿ 1651ರದ್ದು, ಜುಮ್ಮಾ ಮಸೀದಿ 1696ರದ್ದು. ಗೋರಿಯ ಗುಮ್ಮಟದ ಬುಡದ ಕಮಲದಳ ಬಿಜಾಪುರದ್ದೇ ಕುಸುರಿ. ದಿಲಾವರ್ ಖಾನ್ ಇಲ್ಲಿ ಮೂರು ದಶಕ ಆಳಿದ. ಅವನ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ, ಇಲ್ಲಿನ ಖಾನ್ ಬಾಗನ್ನು ಕಂಡೇ ಹೈದರ್ ಲಾಲ್‌ಬಾಗ್ ಮಾಡಿಸಿದನೆಂದೂ ಹೇಳುತ್ತಾರೆ. 1761ರಲ್ಲಿ ಬಸಾಲತ್ ಜಂಗ್ ಹೈದರನಿಗೆ ಕೊಟ್ಟ ಬಿರುದು ಕೂಡ ಶಿರಾದ ನವಾಬ ಎಂದೇ. ಮುಂದೆ ಟಿಪ್ಪು ಇಲ್ಲಿನ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದನೆಂದು ಹಳೆಯ ಗೆಜೆಟಿಯರ್‌ಗಳು ದಾಖಲಿಸುತ್ತವೆ. ಊರಿನ ಸೊಬಗು ಹೀಗೆ ಬೇರೆ ಊರುಗಳ ಪಾಲಾಯಿತು. ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕೆ ಸಾಲುಗಟ್ಟುವ ಬೆಂಗಳೂರಿಗರು ಶಿರಾಕ್ಕೆ ಒಮ್ಮೆಯಾದರೂ ಬರಬೇಕು, ಋಣದ ಲೆಕ್ಕದಲ್ಲಾದರೂ. ತುಮಕೂರಿನಿಂದ ಬರುವ ದಾರಿಯಲ್ಲೇ ಸೀಬಿ ನರಸಿಂಹಸ್ವಾಮಿ ಗುಡಿಯಿದೆ; ಅದರ ಚಾವಣಿಯ ವರ್ಣಚಿತ್ರಗಳನ್ನು ಕತ್ತು ನೋಯುವವರೆಗೂ ನೋಡಬಹುದು.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ನೋಡುವುದು ಊರ ನಡುವಿನ ಹುಣಸೆಮರಗಳನ್ನು. ಬೇಸಿಗೆಯ ಮುನ್ನ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಬಂದು ಈ ಮರಗಳಲ್ಲಿ ಗೂಡು ಕಟ್ಟುತ್ತವೆ. ಹಳದಿ ಕೊಕ್ಕು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬೆನ್ನ ತುದಿಯಲ್ಲಿ ಗುಲಾಬಿ ಗರಿಗಳು. ತಾಯಿ ಕೊಕ್ಕರೆ ಸುತ್ತಲ ಕೆರೆಗಳಿಂದ ಮೀನು ನುಂಗಿಕೊಂಡು ಬಂದು ಗೂಡಿನಲ್ಲಿ ಕಕ್ಕುತ್ತದೆ, ಮರಿಗಳು ಕಿತ್ತಾಡಿ ತಿನ್ನುತ್ತವೆ. ಒಂದೊಂದು ಮೀನು ಜಾರಿ ಕೆಳಗಿನ ಮನೆಯ ಜಗಲಿಗೆ ಬೀಳುತ್ತದೆ. ಗೂಡಿನ ಕೆಳಗೆಲ್ಲ ಹಿಕ್ಕೆ, ನಾತ. ಆದರೂ ಊರವರು ಇವುಗಳನ್ನು ಓಡಿಸಿಲ್ಲ. ಹಕ್ಕಿ ಮರಿ ಮಾಡುವಾಗ ಪಟಾಕಿ ಹೊಡೆಯುವುದಿಲ್ಲ, ಗೂಡಿರುವ ಮರಗಳಿಂದ ಹುಣಸೆ ಬಡಿಯುವುದಿಲ್ಲ. ಹುಣಸೆಹಣ್ಣು ಈ ಸೀಮೆಯ ಬಡವರಿಗೆ ಕೈಗೆ ಬರುವ ದುಡ್ಡು ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಅರ್ಥವಾಗುತ್ತದೆ. ಕೆರೆಗಳು ಒಣಗಿದ ವರ್ಷ ಹಕ್ಕಿಗಳೂ ಕಡಿಮೆ. ಹೇಮಾವತಿ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ಹರಿಯುವುದು ರೈತರಿಗೆ ಎಷ್ಟು ಮುಖ್ಯವೋ ಇವುಗಳಿಗೂ ಅಷ್ಟೇ ಮುಖ್ಯ. ಶಿರಾ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕತೆ ಹಾಡುವವರು ಸಿಕ್ಕರೆ ಅದೃಷ್ಟ. ಆಳೆತ್ತರದ ಬಿದಿರಿನ ಗಣೆಯನ್ನು ಊದುತ್ತಾ ದನಕಾಯುವ ವೀರನ ಪದಗಳನ್ನು ರಾತ್ರಿಯಿಡೀ ಹಾಡುವ ಕಾಡುಗೊಲ್ಲರ ಪರಂಪರೆ ಅದು. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವರಿಗೆ ತವರು.

ಮಧುಗಿರಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡು ಮೈದನಹಳ್ಳಿಯ ಕಾವಲಿದೆ. 798 ಎಕರೆಯ ಈ ಹುಲ್ಲುಗಾವಲು ಈಗ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಬೆಳಗಿನ ಹೊತ್ತು ಕಾವಲು ಗೋಪುರ ಹತ್ತಿ ನಿಂತರೆ ತಿರುಪು ಕೊಂಬಿನ ಕಪ್ಪು ಗಂಡು, ಅದರ ಹಿಂದೆ ಕಂದು ಬಣ್ಣದ ಹೆಣ್ಣುಗಳ ಹಿಂಡು ಕಾಣುತ್ತದೆ. ಬೆದರಿದರೆ ಒಂದರ ಹಿಂದೊಂದು ಚಿಮ್ಮಿ ಹಾರುತ್ತವೆ. ಹುಲ್ಲುಗಾವಲನ್ನು ಪಾಳು ಭೂಮಿ ಎಂದು ತಿಳಿದು ನೀಲಗಿರಿ ನೆಡುವ ಕಾಲವೊಂದಿತ್ತು. ಹುಲ್ಲೂ ಕಾಡೇ ಎಂದು ಒಪ್ಪಿಕೊಳ್ಳಲು ನಾವು ಬಹಳ ತಡಮಾಡಿದೆವು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವಾಗ ಮಿಡಿಗೇಶಿ ಕೋಟೆ ಸಿಗುತ್ತದೆ. ಮುಂದೆ ಮಾತಿಗೆ ತೆಲುಗು ಬೆರೆಯುತ್ತದೆ. ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಶನಿಮಹಾತ್ಮನ ಗುಡಿಗೆ ಬಂದವರು ಅಲ್ಲೇ ಎದುರಾಗುವ ಪಾವಗಡದ ಗುಡ್ಡವನ್ನೂ ಹತ್ತಬಹುದು. ಸಮಯವಿದ್ದರೆ ನಿಡಗಲ್ಲಿಗೆ ಹೋಗಿ. ನಿಡಗಲ್ಲಿನ ಚೋಳರು ಆಳಿದ ಈ ದುರ್ಗದಲ್ಲಿ ಗುಡಿ, ಬಸದಿ, ಶಾಸನಗಳು ಪೊದೆಗಳ ನಡುವೆ ಉಳಿದಿವೆ. ಗಡಿಯಾಚೆಯ ಹೇಮಾವತಿ ಎಂಬ ಹಳ್ಳಿಯೇ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ದೊಡ್ಡೇಶ್ವರ, ಸಿದ್ದೇಶ್ವರ ಗುಡಿಗಳನ್ನು ಬಿಟ್ಟು ಬಂದರೆ ಈ ಸುತ್ತು ಅರೆಬರೆ.

ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದಿದ, ಮೂಳೆ ಬಾಗಿದ ಜನರನ್ನು ಈ ತಾಲ್ಲೂಕು ಬಹಳ ಕಾಲ ಕಂಡಿದೆ. ಆಳಕ್ಕೆ ಕೊಳವೆಬಾವಿ ಕೊರೆದಷ್ಟೂ ಕಲ್ಲಿನೊಳಗಿನ ವಿಷ ಮೇಲೆ ಬಂತು. ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆಯ ಮೇಲೆ ಊರುಗಳು ಬಹುಕಾಲ ಆಸೆಯಿಟ್ಟುಕೊಂಡು ಕಾದವು. ಮಳೆ ಇಲ್ಲದ ಇದೇ ನೆಲದ ಬಿಸಿಲು ಈಗ ವಿದ್ಯುತ್ತಾಗಿದೆ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿದೆ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಶುರುವಾಯಿತು. ಜಮೀನನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಭೂಮಿ ಇದ್ದವರಿಗೆ ಅದು ಆಸರೆ. ಕಡಲೆಕಾಯಿ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಕೂಲಿಯೂ ತಪ್ಪಿತು. ಗುಡ್ಡದ ಮೇಲಿನಿಂದ ಕರಿಯ ಕೆರೆಯಂತೆ ಹೊಳೆಯುವ ಆ ಫಲಕಗಳನ್ನು ನೋಡುವವರು ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು.

ಹೋಗುವ ಕಾಲದ ಬಗ್ಗೆ ಒಂದು ಮಾತು. ಕೋಟೆಗಳಿಗೆ, ಕೃಷ್ಣಮೃಗಗಳಿಗೆ ಮಳೆಗಾಲ ಕಳೆದ ಮೇಲಿನ ಅಕ್ಟೋಬರ್‌ನಿಂದ ಜನವರಿ ಒಳ್ಳೆಯದು: ದೊಣೆ ತುಂಬಿರುತ್ತದೆ, ಬಂಡೆ ಕಾಯುವುದಿಲ್ಲ. ಕಗ್ಗಲಡುವಿಗೆ ಮಾತ್ರ ಮಾರ್ಚ್, ಏಪ್ರಿಲ್‌ನಲ್ಲಿ ಹೋಗಬೇಕು. ಬೆಂಗಳೂರಿನಿಂದ ಮಧುಗಿರಿ ನೂರು ಕಿಲೋಮೀಟರಿನ ಆಸುಪಾಸು, ಕೊರಟಗೆರೆ ದಾರಿಯಲ್ಲೇ ಸಿಗುತ್ತದೆ. ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ಬಸ್ಸುಗಳಿವೆ, ನಿಡಗಲ್ಲು, ಮೈದನಹಳ್ಳಿಗೆ ಸ್ವಂತ ವಾಹನವೇ ಅನುಕೂಲ. ಮಧುಗಿರಿ ಬೆಟ್ಟವನ್ನು ಬೆಳಕು ಹರಿಯುತ್ತಲೇ ಏರಲು ಶುರುಮಾಡಿ, ಕುಡಿಯುವ ನೀರನ್ನು ಜೊತೆಗೆ ಒಯ್ಯಿರಿ. ಇಳಿದು ಬಂದ ಮೇಲೆ ಊರಿನ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಸಾರು ಕೇಳಿ ಊಟ ಮಾಡಿ.