ಫ್ರಿಜ್ಜಿನ ಗ್ಯಾಸೂ ಖಾಲಿ, ನಿಮ್ಮ ಜೇಬೂ ಖಾಲಿ!

ಫ್ರಿಜ್ ತಣ್ಣಗಾಗ್ತಾ ಇಲ್ಲ ಅಂತ ಫೋನ್ ಮಾಡಿ ನೋಡಿ. ಬಂದ ಮಹಾಶಯ ಬಾಗಿಲು ತೆಗೆದು, ಒಳಗೆ ಕೈ ಆಡಿಸಿ, ಎರಡೇ ನಿಮಿಷದಲ್ಲಿ ತೀರ್ಪು ಕೊಡುತ್ತಾನೆ: 'ಗ್ಯಾಸ್ ಖಾಲಿ ಆಗಿದೆ ಸಾರ್.'

ಖಾಲಿಯಾಗೋಕೆ ಅದೇನು ಅಡುಗೆ ಸಿಲಿಂಡರೇ ಸ್ವಾಮಿ? ಫ್ರಿಜ್ಜಿನ ಗ್ಯಾಸು ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಕಂಪ್ರೆಸರ್ ತಳ್ಳಿದಂತೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತು ಬಿದ್ದಿದೆ ಅಂತಲೇ ಅರ್ಥ. ತೂತು ಹುಡುಕಿ ಬೆಸುಗೆ ಹಾಕದೆ ಗ್ಯಾಸ್ ತುಂಬುವುದು ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ.

ದಾವಣಗೆರೆ ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಆದದ್ದೂ ಇದೇ. ಮೊಬೈಲಿನಲ್ಲಿ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಿದರು. (ಕಂಪನಿಯ ಅಸಲಿ ನಂಬರು ವಾರಂಟಿ ಪುಸ್ತಕದಲ್ಲಿತ್ತು, ಯಾರು ನೋಡ್ತಾರೆ!) ಕಂಪನಿ ಅಂಗಿ ತೊಟ್ಟವನು ಬಂದ. 3,500 ರೂಪಾಯಿ ಮೊಬೈಲಿಗೇ ಹಾಕಿಸಿಕೊಂಡ. ಬಿಲ್ ಕೇಳಿದ್ದಕ್ಕೆ 'ವಾಟ್ಸಾಪ್ ಮಾಡ್ತೀನಿ' ಅಂದ. ಇಪ್ಪತ್ತನೇ ದಿನಕ್ಕೆ ಹಾಲು ಮತ್ತೆ ಒಡೆಯಿತು. ಬಿಲ್ ಮಾತ್ರ ಇನ್ನೂ ಬರ್ತಾನೇ ಇದೆ. ಕೊನೆಗೆ ಹಳೇ ಮೆಕ್ಯಾನಿಕ್ ಒಬ್ಬರು ಪೈಪಿಗೆ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ, ಹಿಂಬದಿಯ ಬೆಸುಗೆಯಲ್ಲಿ ಗುಳ್ಳೆ ಏಳುವುದನ್ನು ಕಣ್ಣಾರೆ ತೋರಿಸಿದರು. ಇಂಥ ಪ್ರಾಮಾಣಿಕರೂ ಊರಲ್ಲಿದ್ದಾರೆ. ಆ ಬಣ್ಣದ ಅಂಗಿಯವರಿಂದ ಇವರ ಹೊಟ್ಟೆಗೂ ಏಟು.

ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿರುವುದು ಆರ್-600ಎ ಅನ್ನೋ ಗ್ಯಾಸು. ಮನೆ ಫ್ರಿಜ್ಜಿಗೆ ಸಾಮಾನ್ಯವಾಗಿ 100 ಗ್ರಾಮಿಗೂ ಕಡಿಮೆ ಸಾಕು. ಎಷ್ಟೆಂದು ಫ್ರಿಜ್ಜಿಗೆ ಅಂಟಿಸಿದ ಚೀಟಿಯಲ್ಲೇ ಅಚ್ಚಾಗಿರುತ್ತದೆ. ತಕ್ಕಡಿ ತರದೆ ಬಂದವನು ಅಂದಾಜಿಗೇ ತುಂಬೋದು. ಅದು ಬೆಂಕಿ ಹಿಡಿಯುವ ಗ್ಯಾಸು ಬೇರೆ!

ಹಾಗಾಗಿ ಬಾಗಿಲಲ್ಲೇ ಕೇಳಿಬಿಡಿ. ಬಂದುಹೋಗುವ ಚಾರ್ಜ್ ಎಷ್ಟು? ಲೀಕ್ ಎಲ್ಲಿ, ತೋರಿಸು. ಪಾರ್ಟ್ ಬದಲಿಸಿದರೆ ಹಳೇದು ನಮ್ಮ ಕೈಗೆ ಕೊಡು. ಎಷ್ಟು ದಿನ ಗ್ಯಾರಂಟಿ ಅಂತ ಬಿಲ್ಲಿನಲ್ಲೇ ಬರಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬಿಲ್ ಸಿಗದವರು ಹಣ ಕಳಿಸಿದ ದಾಖಲೆ, ಅವನ ಮೆಸೇಜು ಅಳಿಸದೆ ಇಟ್ಟುಕೊಳ್ಳಿ. ಮಂಡಿಪೇಟೆಯವರ ಮೊಬೈಲಿನಲ್ಲಿ ಎರಡೂ ಇವೆ.