ಮೊಮೊ ಬೀದಿಬೀದಿಯಲ್ಲಿ, ತ್ಸಾಂಪಾ ಎಲ್ಲಿ?

ಮೈಸೂರಿನಲ್ಲಿ ಸಂಜೆಯಾದ ಮೇಲೆ ಮೊಮೊ ಸಿಗದ ಬಡಾವಣೆಯನ್ನು ಹುಡುಕುವುದು ಈಗ ಕಷ್ಟ. ಕಾಲೇಜುಗಳ ಎದುರು, ಉದ್ಯಾನಗಳ ಮಗ್ಗುಲಲ್ಲಿ, ಎಲ್ಲೆಂದರಲ್ಲಿ ತಳ್ಳುಗಾಡಿಗಳು. ಗಾಡಿಯ ಮೇಲೆ ಒಂದರ ಮೇಲೊಂದು ಕೂತ ಅಲ್ಯೂಮಿನಿಯಂ ಪಾತ್ರೆಗಳು. ನಮ್ಮ ಇಡ್ಲಿ ಪಾತ್ರೆಯ ದೂರದ ನೆಂಟನಂತೆ ಕಾಣುವ ಅವುಗಳ ಸಂದಿಯಿಂದ ಆವಿ ಏಳುತ್ತಿರುತ್ತದೆ. ಫಲಕದಲ್ಲಿ ಒಮ್ಮೆ ‘ಟಿಬೆಟನ್’ ಎಂದಿದ್ದರೆ ಇನ್ನೊಮ್ಮೆ ‘ಚೈನೀಸ್’ ಎಂದಿರುತ್ತದೆ. ಎರಡೂ ಇದ್ದರೂ ಆಶ್ಚರ್ಯವಿಲ್ಲ. ಪಕ್ಕದ ಬಾಣಲೆಯಲ್ಲಿ ಗೋಬಿ ಮಂಚೂರಿ ಹೊರಳುತ್ತಿರುತ್ತದೆ.

ಇದು ಟಿಬೆಟನ್ನರ ಊಟವೇ? ಅಲ್ಲವೆಂದಾದರೆ, 80 ಕಿಲೋಮೀಟರ್ ದೂರದ ಬೈಲಕುಪ್ಪೆಯಲ್ಲಿ ಆರು ದಶಕಗಳಿಂದ ನೆಲೆಸಿರುವ ಆ ಜನ ನಿಜಕ್ಕೂ ಉಣ್ಣುವುದೇನು? ಅದು ನಮಗೆ ನಿಮಗೆ ಎಲ್ಲಿ ಸಿಕ್ಕೀತು?

ಮೊದಲು ಗೋಬಿ ಮಂಚೂರಿಯನ್ನು ಪಕ್ಕಕ್ಕಿಡೋಣ. ಮಂಚೂರಿಯಾ ಎಂಬ ಪ್ರದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಲ್ಕತ್ತದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಯ ತುಂಡುಗಳನ್ನು ಕರಿದು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಸೋಯಾ ರಸದಲ್ಲಿ ಹೊರಳಿಸಿದ್ದೇ ಅದರ ಆರಂಭ ಎಂಬುದು ಪ್ರಚಲಿತ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂತು, ಕರ್ನಾಟಕದ ಹಳ್ಳಿಹಳ್ಳಿಗೆ ಹಬ್ಬಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಅದಕ್ಕೆ ಕೃತಕ ಬಣ್ಣ ಹಾಕಕೂಡದೆಂದು ನಿಷೇಧಿಸಬೇಕಾಯಿತು. ಚೀನಾದವರಿಗೆ ಗೊತ್ತಿಲ್ಲದ ‘ಚೀನೀ’ ತಿಂಡಿ ಅದು. ರುಚಿಯ ತಕರಾರು ನನಗಿಲ್ಲ, ಹೆಸರಿನ ತಕರಾರಷ್ಟೆ.

ಮೊಮೊ ಹಾಗಲ್ಲ. ಅದು ಟಿಬೆಟ್, ನೇಪಾಳ, ಭೂತಾನ, ಸಿಕ್ಕಿಂಗಳ ಸೊತ್ತು. ಆದರೆ ಟಿಬೆಟನ್ನರ ಮನೆಯಲ್ಲಿ ಅದು ದಿನನಿತ್ಯದ ಊಟವೇನಲ್ಲ. ಹಿಟ್ಟು ಕಲಸಿ, ಲಟ್ಟಿಸಿ, ಹೂರಣ ತುಂಬಿ, ನೆರಿಗೆ ಹಿಡಿದು ಮುಚ್ಚುವುದು ನಾಲ್ಕು ಕೈಗಳ ಕೆಲಸ. ನಮ್ಮಲ್ಲಿ ಹೋಳಿಗೆಯಿದ್ದಂತೆ, ನೆಂಟರು ಬಂದಾಗ, ಎಲ್ಲರೂ ಮನೆಯಲ್ಲಿದ್ದಾಗ ಕೂತು ಮಾಡುವಂಥದ್ದು. ಹೋಳಿಗೆಯೊಂದನ್ನೇ ಮಾರುವ ಅಂಗಡಿಯನ್ನು ಕಂಡವರು ‘ಕನ್ನಡಿಗರು ಮೂರು ಹೊತ್ತೂ ಹೋಳಿಗೆ ತಿನ್ನುತ್ತಾರೆ’ ಎಂದುಕೊಂಡರೆ ಹೇಗೆ?

ಟಿಬೆಟಿನ ದಿನದ ಅನ್ನವೆಂದರೆ ತ್ಸಾಂಪಾ. ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ಹುರಿದು ಬೀಸಿದ ಹಿಟ್ಟು. ಇದನ್ನು ನಮ್ಮವರಿಗೆ ವಿವರಿಸುವುದು ಬಹಳ ಸುಲಭ: ರಾಗಿಯನ್ನು ಅರಳು ಹುರಿದು ಬೀಸಿದರೆ ಹುರಿಹಿಟ್ಟು, ಬಾರ್ಲಿಯನ್ನು ಹುರಿದು ಬೀಸಿದರೆ ತ್ಸಾಂಪಾ. ನಾವು ಬೆಲ್ಲ, ಹಾಲು ಹಾಕಿ ಕಲಸುತ್ತೇವೆ. ಅವರು ಬೆಣ್ಣೆ ಚಹಾ ಸುರಿದು ಬಟ್ಟಲಲ್ಲೇ ಬೆರಳುಗಳಿಂದ ಕಲಸಿ ಉಂಡೆ ಮಾಡುತ್ತಾರೆ. ಒಲೆಯ ಹಂಗಿಲ್ಲ.

ಒಲೆಯ ಹಂಗಿಲ್ಲ ಎಂಬುದರಲ್ಲೇ ಈ ಊಟದ ಗುಟ್ಟೆಲ್ಲ ಇದೆ. ಲಾಸಾ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 12,000 ಅಡಿ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 100 ಡಿಗ್ರಿ ಮುಟ್ಟುವ ಬಹಳ ಮೊದಲೇ, 88 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಅಕ್ಕಿ, ಬೇಳೆ ಅಲ್ಲಿ ಸುಲಭಕ್ಕೆ ಬೇಯುವುದಿಲ್ಲ. ಮರಗಳು ವಿರಳವಾದ್ದರಿಂದ ಸೌದೆಯೂ ಇಲ್ಲ, ಯಾಕ್ ಎಂಬ ಚಮರೀಮೃಗದ ಸಗಣಿಯ ಬೆರಣಿಯೇ ಉರುವಲು. ಒಮ್ಮೆ ಹುರಿದು ಬೀಸಿಟ್ಟರೆ ತಿಂಗಳುಗಟ್ಟಲೆ ಕೆಡದ, ಬೇಯಿಸುವ ಅಗತ್ಯವೇ ಇಲ್ಲದ ಹಿಟ್ಟು ಅಂಥ ನಾಡಿಗೆ ಹೇಳಿ ಮಾಡಿಸಿದ್ದು. ಇಟ್ಟಿಗೆಯಂತೆ ಒತ್ತಿದ ಚಹಾ ಸೊಪ್ಪನ್ನು ಕುದಿಸಿ, ಉಪ್ಪು, ಬೆಣ್ಣೆ ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆದು ಮಾಡುವ ಬೆಣ್ಣೆ ಚಹಾ ಕೂಡ ಹಾಗೆಯೇ. ನಮ್ಮ ನಾಲಿಗೆಗೆ ಅದು ಚಹಾ ಅಲ್ಲ, ಸಾರು. ಕೊರೆಯುವ ಚಳಿಯಲ್ಲಿ ಮೈಗೆ ಬೇಕಾದ ಕೊಬ್ಬು, ಉಪ್ಪು, ಬಿಸಿ ಮೂರೂ ಅದರಲ್ಲಿವೆ.

ಈ ಊಟದ ಜನ ಬಂದಿಳಿದದ್ದು ಎಲ್ಲಿಗೆ? 1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ. ಹಿಮಾಲಯದ ಮಗ್ಗುಲಲ್ಲಿ ರಸ್ತೆ ಕೂಲಿ ಮಾಡುತ್ತಿದ್ದ ಅವರಿಗೆ ನೆಲೆ ಕೊಡುವಂತೆ ಕೇಂದ್ರ ಸರ್ಕಾರ ರಾಜ್ಯಗಳನ್ನು ಕೇಳಿದಾಗ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡು ನೆಲ ಬಿಟ್ಟುಕೊಟ್ಟಿತು. 1960-61ರಲ್ಲಿ ಮೊದಲ ತಂಡಗಳು ಬಂದವು. ಮುಂದೆ 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ಶಿಬಿರ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ, 1974ರಲ್ಲಿ ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ. ಹೀಗೆ ಐದು ಶಿಬಿರಗಳು ಕರ್ನಾಟಕದಲ್ಲಿ ನೆಲೆಗೊಂಡವು.

ಮೂರು ಸಾವಿರ ಅಡಿಗೂ ಕಡಿಮೆ ಎತ್ತರದ, ಮುಂಗಾರು ಮಳೆಯ ಆ ನೆಲದಲ್ಲಿ ಯಾಕ್ ಎಲ್ಲಿಂದ ತರಬೇಕು? ಬಾರ್ಲಿ ಬೆಳೆಯುವುದು ಹೇಗೆ? ಕಾಡು ಕಡಿದು, ಆನೆ ಕಾಟದ ನಡುವೆ ಅವರು ಬೆಳೆದದ್ದು ಮುಸುಕಿನ ಜೋಳವನ್ನು. ಊಟ ಬದಲಾಯಿತು. ಯಾಕ್ ಬೆಣ್ಣೆಯ ಜಾಗಕ್ಕೆ ಹಸುವಿನ ಬೆಣ್ಣೆ, ಮರದ ಕೊಳವೆಯ ಜಾಗಕ್ಕೆ ಮಿಕ್ಸಿ. ಮೊಮೊ ಹೂರಣಕ್ಕೆ ಎಲೆಕೋಸು, ಆಲೂಗೆಡ್ಡೆ ಸೇರಿದವು. ಊಟಕ್ಕೆ ಅನ್ನ, ಬೇಳೆ ಬಂತು. ಬೆಣ್ಣೆ ಚಹಾ ಹಿರಿಯರ ಬಟ್ಟಲಿಗೆ ಸೀಮಿತವಾಗುತ್ತ, ಎಳೆಯರು ಹಾಲು ಸಕ್ಕರೆಯ ಸಿಹಿ ಚಹಾಕ್ಕೆ ಒಗ್ಗಿಕೊಂಡರು. ಅನೇಕ ಮಠಗಳ ಅಡುಗೆಮನೆಗಳಲ್ಲಿ ಈಗ ಮಾಂಸ ಬೇಯುವುದೇ ಇಲ್ಲ.

ಹಾಗಾದರೆ ಅಸಲಿ ಎನ್ನುವುದು ಯಾವುದಕ್ಕೆ? ಲಾಸಾದಲ್ಲಿ 1950ರಲ್ಲಿ ಇದ್ದಂತೆಯೇ ಇದ್ದರೆ ಅಸಲಿ ಎನ್ನುವುದಾದರೆ ಬೈಲಕುಪ್ಪೆಯ ಅರ್ಧ ಅಡುಗೆ ನಕಲಿಯಾಗುತ್ತದೆ. ಆ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಒಂದು ಜನ ತಮಗಾಗಿ, ತಮ್ಮವರ ನಾಲಿಗೆಗಾಗಿ ಮಾಡಿಕೊಳ್ಳುವುದು ಅಸಲಿ. ನೋಡಲು ಬಂದ ನಮ್ಮನ್ನು ಮೆಚ್ಚಿಸಲು ಮಾಡುವುದು ಬೇರೆ. ಮೆಕ್ಕಾಯಿ ಒಗ್ಗರಣೆ ಬಿದ್ದರೂ ಮೊದಲಿನದು ಅಸಲಿಯೇ.

ಹುಡುಕುವ ದಾರಿಯೂ ಇದರಿಂದಲೇ ತಿಳಿಯುತ್ತದೆ. ಹೋಟೆಲನ್ನು ಹುಡುಕಬೇಡಿ, ಮೊದಲು ದಿನಸಿ ಅಂಗಡಿಯನ್ನು ಹುಡುಕಿ. ಹೋಟೆಲಿನವನು ಪರಊರಿನವರನ್ನು ನಂಬಿ ಬದುಕಬಹುದು; ಅವನ ತಿಂಡಿಪಟ್ಟಿ ಅವರಿಗೆ ತಕ್ಕಂತೆ ಬಾಗುತ್ತದೆ. ದಿನಸಿ ಅಂಗಡಿಯವನಿಗೆ ಆ ಸೌಕರ್ಯವಿಲ್ಲ. ತ್ಸಾಂಪಾ ಹಿಟ್ಟನ್ನೋ, ಕಲ್ಲಿನಂತೆ ಗಟ್ಟಿಯಾದ ಒಣ ಗಿಣ್ಣು ಛುರ್ಪಿಯನ್ನೋ ಪ್ರವಾಸಿ ಒಮ್ಮೆ ಕುತೂಹಲಕ್ಕೆ ಕೊಂಡಾನು, ತಿಂಗಳ ಸಾಮಾನಿನ ಚೀಟಿಯಲ್ಲಿ ಬರೆಯಲಾರ. ಅಂಥ ಸರಕು ಕಪಾಟಿನಲ್ಲಿ ಇದ್ದು, ಧೂಳು ಹಿಡಿಯದೆ ಖರ್ಚಾಗುತ್ತಿದ್ದರೆ ಆ ಸುತ್ತಿನಲ್ಲಿ ಅದನ್ನು ಉಣ್ಣುವ ಮನೆಗಳಿವೆ ಎಂದೇ ಅರ್ಥ. ಅಂಗಡಿಯವರನ್ನೇ ಕೇಳಿ, ‘ನೀವು ಊಟಕ್ಕೆ ಎಲ್ಲಿಗೆ ಹೋಗುತ್ತೀರಿ?’ ಎಂದು. ‘ಒಳ್ಳೆಯ ಹೋಟೆಲ್ ಯಾವುದು?’ ಎಂದು ಕೇಳಿದರೆ ನಿಮಗೆ ಹಿಡಿಸುವಂಥದ್ದನ್ನು ತೋರಿಸುತ್ತಾರೆ, ಅವರಿಗೆ ಹಿಡಿಸುವುದನ್ನಲ್ಲ.

ಈ ಸೂತ್ರ ಮೈಸೂರಿನ ಉಳಿದವರಿಗೂ ಹೊಂದುತ್ತದೆ. ನೇಂದ್ರ ಬಾಳೆಗೊನೆ ಬಾಗಿಲಲ್ಲಿ ತೂಗಿ, ಒಳಗೆ ಮರಗೆಣಸು, ಕೆಂಪು ಕುಸುಬಲಕ್ಕಿ, ಕೊಡಂಪುಳಿ ಇದ್ದರೆ ಹತ್ತಿರದಲ್ಲೇ ಮಲಯಾಳಿಗಳ ಊಟದ ಮನೆ ಇದ್ದೇ ಇರುತ್ತದೆ. ಸಾಸಿವೆ ಎಣ್ಣೆಯ ಡಬ್ಬಗಳು ಸಾಲಾಗಿ ನಿಂತಿದ್ದರೆ ಬಂಗಾಳ, ಬಿಹಾರದವರು ಸುತ್ತಲಿದ್ದಾರೆ. ಇನ್ಫೊಸಿಸ್ ತರಬೇತಿ ಕೇಂದ್ರ ಬೆಳೆದ ಮೇಲೆ ನಗರದ ಆ ಮಗ್ಗುಲಿನ ಅಂಗಡಿಗಳ ಕಪಾಟುಗಳೇ ಬೇರೆಯಾದವು. ಇನ್ನು ಗೋಕುಲಂ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಅಲ್ಲಿಗೆ ಬಂದದ್ದೇ ತಡ, ಬಡಾವಣೆಯ ಕಿರಾಣಿ ಅಂಗಡಿಗಳಲ್ಲಿ ಕಡಲೆಕಾಯಿ ಬೆಣ್ಣೆ, ಓಟ್ಸ್, ಬೆಣ್ಣೆಹಣ್ಣು ಕಾಣಿಸಿಕೊಂಡವು. ಅಮೆರಿಕದವರು ಮೈಸೂರಿನಲ್ಲಿ ಹುಡುಕುವ ಅಸಲಿ ಊಟ ಅದು. ಅತ್ತ ನಮ್ಮವರು ಅಮೆರಿಕದಲ್ಲಿ ರಾಗಿಹಿಟ್ಟು ಹುಡುಕುತ್ತಾರೆ. 1974ರಲ್ಲಿ ಷಿಕಾಗೊದಲ್ಲಿ ಶುರುವಾದ ಪಟೇಲ್ ಬ್ರದರ್ಸ್‌ನಂಥ ಗುಜರಾತಿ ಅಂಗಡಿಗಳೇ ಅವರಿಗೆ ಗತಿ.

ಅದಿರಲಿ, ಬೈಲಕುಪ್ಪೆಗೆ ಮರಳೋಣ. ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿ ಬೈಲಕುಪ್ಪೆಯಲ್ಲೋ ಮುಂದಿನ ಕುಶಾಲನಗರದಲ್ಲೋ ಇಳಿದರೆ ಆಟೊಗಳಿವೆ. ಊರಿನವರ ಬಾಯಲ್ಲಿ ಅದು ‘ಕ್ಯಾಂಪ್’: ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್, ಹೀಗೆ. 1999ರಲ್ಲಿ ಬಾಗಿಲು ತೆರೆದ ಸ್ವರ್ಣ ದೇಗುಲ ಇರುವುದು ನಾಲ್ಕನೆಯದರಲ್ಲಿ. ಪ್ರವಾಸಿ ಬಸ್ಸುಗಳೆಲ್ಲ ಅಲ್ಲಿಗೇ ಬರುವುದರಿಂದ ಅದರ ಎದುರಿನ ಹೋಟೆಲುಗಳಲ್ಲಿ ನಿಮಗೆ ಉತ್ತರ ಭಾರತದ ಊಟವೂ ಸಿಗುತ್ತದೆ, ಪನೀರ್ ಮೊಮೊ ಕೂಡ. ಒಳಗಿನ ಕ್ಯಾಂಪುಗಳತ್ತ ಸರಿದಷ್ಟೂ ಫಲಕಗಳಲ್ಲಿ ಟಿಬೆಟನ್ ಲಿಪಿ ದೊಡ್ಡದಾಗುತ್ತದೆ, ತಿಂಡಿಪಟ್ಟಿ ಚಿಕ್ಕದಾಗುತ್ತದೆ. ಚಿಕ್ಕ ಪಟ್ಟಿ ಒಳ್ಳೆಯ ಲಕ್ಷಣ. ಅದರಲ್ಲಿ ಥೆನ್‌ಥುಕ್ ಇದೆಯೇ ನೋಡಿ. ಕಲಸಿದ ಹಿಟ್ಟನ್ನು ಕೈಯಲ್ಲೇ ಎಳೆದು, ಹರಿದು, ಕುದಿಯುವ ಸಾರಿಗೆ ಬಿಡುವ ಊಟ ಅದು; ಅಂಗಡಿಯ ಒಣ ಶಾವಿಗೆ ಹಾಕಿ ಮೋಸ ಮಾಡಲು ಬರುವುದಿಲ್ಲ. ಆವಿಯಲ್ಲಿ ಬೇಯಿಸಿದ, ಒಳಗೇನೂ ತುಂಬದ, ಸುರುಳಿ ಸುರುಳಿಯಾದ ತಿಂಗ್ಮೊ ಇನ್ನೊಂದು. ಮಾಂಸ ತುಂಬಿ ಕರಿದ ರೊಟ್ಟಿ ಶಾಪಲೆ ಮತ್ತೊಂದು. ‘ಶಾ’ ಎಂದರೆ ಮಾಂಸ, ‘ಪಲೆ’ ಎಂದರೆ ರೊಟ್ಟಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ಟಿಬೆಟನ್ನರ ಅಂಗಡಿಗೆ ಹೋಗಿ ‘ಚೈನೀಸ್ ಏನಿದೆ?’ ಎಂದು ಕೇಳುವವರು ನಮ್ಮಲ್ಲಿ ಬಹಳ. ಚೀನಾದ ಸೇನೆಯಿಂದ ನಾಡು ಕಳೆದುಕೊಂಡು ಬಂದವರಿಗೆ ಆ ಪ್ರಶ್ನೆ ಹೇಗೆ ಕೇಳಿಸೀತು? ಇದು ಊಟದ ಹೆಸರಿಗೆ ಮಾತ್ರ ಸಂಬಂಧಿಸಿದ್ದಲ್ಲ. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೇ ಹಬ್ಬಿದ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಎಷ್ಟೋ ಹೋಟೆಲುಗಳ ಅಡುಗೆಮನೆ ರಾತ್ರೋರಾತ್ರಿ ಖಾಲಿಯಾಯಿತು. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಚೂರಿ ಇರಿತಕ್ಕೆ ಒಳಗಾದ ವಿದ್ಯಾರ್ಥಿ ಈಶಾನ್ಯದವನಲ್ಲ, ಟಿಬೆಟನ್. ಮುಖ ನೋಡಿ ಊರು ನಿರ್ಧರಿಸುವ ಚಾಳಿ ಫಲಕದ ಮೇಲಿನ ತಪ್ಪು ಹೆಸರಿಗೇ ನಿಲ್ಲುವುದಿಲ್ಲ.

ಇನ್ನೊಂದು ಚಿಂತೆ ಒಳಗಿನದು. ಟಿಬೆಟನ್ನರೇ 2009ರಲ್ಲಿ ನಡೆಸಿದ ಜನಗಣತಿಯಂತೆ ಭಾರತದಲ್ಲಿ ಅವರ ಸಂಖ್ಯೆ 94,203. ಅಲ್ಲಿಂದೀಚೆಗೆ ಅದು ಇಳಿಯುತ್ತ ಬಂದಿದೆ. ಎಳೆಯರು ಅಮೆರಿಕ, ಕೆನಡಾ, ಯೂರೋಪುಗಳಿಗೆ ಹೋಗುತ್ತಿದ್ದಾರೆ. ಹೊರದೇಶದಿಂದ ಹಣ ಬರುತ್ತದೆ, ಮನೆಗಳು ಚೆನ್ನಾಗಿವೆ. ಹಿಟ್ಟು ಎಳೆದು ಸಾರಿಗೆ ಬಿಡುವ ಕೈಗಳು ಕಡಿಮೆಯಾಗುತ್ತಿವೆ. ಟಿಬೆಟನ್ ಹೋಟೆಲಿನ ಒಲೆಯ ಮುಂದೆ ನಿಂತವನು ನೇಪಾಳದವನೋ, ಡಾರ್ಜಿಲಿಂಗಿನವನೋ ಆಗಿರುವುದು ಈಗ ಅಪರೂಪವಲ್ಲ. ಅವನು ಕಲಿತು ಮಾಡಿದ ಥೆನ್‌ಥುಕ್ಕನ್ನು ಮೇಜಿನ ಈಚೆಯ ಟಿಬೆಟನ್ ಅಜ್ಜ ದಿನವೂ ಬಂದು ಉಣ್ಣುತ್ತಿದ್ದರೆ, ನಾನಂತೂ ಅದನ್ನು ಅಸಲಿ ಎಂದೇ ಲೆಕ್ಕ ಹಾಕುತ್ತೇನೆ.

ಯಾವಾಗ ಹೋಗಬೇಕು? ಚಳಿಗಾಲದಲ್ಲಿ ಬೇಡ. ಆಗ ಕ್ಯಾಂಪಿನ ಬಹಳಷ್ಟು ಜನ ನಮ್ಮೂರುಗಳಲ್ಲಿ ಸ್ವೆಟರ್ ಮಾರುತ್ತ ಕೂತಿರುತ್ತಾರೆ. ಅವರೆಲ್ಲ ಮನೆಗೆ ಮರಳುವುದು ಲೋಸಾರ್ ಎಂಬ ಹೊಸವರ್ಷಕ್ಕೆ. ಅದು ಹೆಚ್ಚಾಗಿ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಬರುತ್ತದೆ. ವರ್ಷದ ಕೊನೆಯ ತಿಂಗಳ 29ನೆಯ ದಿನ ಮನೆಮನೆಯಲ್ಲಿ ಗುಥುಕ್ ಎಂಬ ಸಾರು. ಒಂಬತ್ತು ಬಗೆಯ ಸಾಮಾನು ಅದಕ್ಕೆ. ಒಳಗೆ ತೇಲುವ ದೊಡ್ಡ ಹಿಟ್ಟಿನುಂಡೆಗಳಲ್ಲಿ ಒಂದೊಂದು ವಸ್ತುವನ್ನು ಅಡಗಿಸಿರುತ್ತಾರೆ. ಮೆಣಸಿನಕಾಯಿ ಸಿಕ್ಕಿದವನು ಬಾಯಿಬಡುಕ, ಇದ್ದಿಲು ಸಿಕ್ಕಿದವನ ಮನಸ್ಸು ಕಪ್ಪು, ಉಣ್ಣೆ ಸಿಕ್ಕಿದವನದು ಮೃದು ಹೃದಯ. ಮನೆಮಂದಿಯೆಲ್ಲ ನಗುವ ಈ ಊಟ ಯಾವ ಹೋಟೆಲಿನ ಪಟ್ಟಿಯಲ್ಲೂ ಇರುವಂಥದ್ದಲ್ಲ, ಯಾರಾದರೂ ಕರೆಯಬೇಕಷ್ಟೆ. ಹಬ್ಬದ ದಿನಗಳಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಹಾಗಾಗಿ ಒಂದು ವಾರ ಮೊದಲೇ ಹೋಗಿ. ಮನೆಗಳಲ್ಲಿ ಖಪ್ಸೆ ಎಂಬ ಕರಿದ ತಿನಿಸಿನ ಕೆಲಸ ನಡೆದಿರುತ್ತದೆ. ಅದು ನಮ್ಮ ಶಂಕರಪೋಳಿಯ ಅಣ್ಣ ತಮ್ಮ, ಗರಿಗರಿ ಕಡಿಮೆ, ಆಕಾರಗಳು ಮಾತ್ರ ಹತ್ತಾರು. ಜೊತೆಗೆ ಅರ್ಧ ಕೆಜಿ ತ್ಸಾಂಪಾ ಕಟ್ಟಿಸಿಕೊಳ್ಳಿ. ಬೆಣ್ಣೆ ಚಹಾ ಹಿಡಿಸದಿದ್ದರೆ ಬಿಸಿ ಹಾಲು, ಬೆಲ್ಲದಲ್ಲಿ ಕಲಸಿದರೂ ಆದೀತು.